ಬೆಂದ ಹೆಡ್ ಬೇಡ ಅಂತ ಮೂರು ಹೆಡ್ ತಿರುವಿ ನೋಡಿದ್ದು

ನನ್ನ ಹಳೆ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗೆ ಒಂದೇ ವರ್ಷದಲ್ಲಿ ಎರಡು ಸಲ ಹೆಡ್ ಗ್ಯಾಸ್ಕೆಟ್ ಹೋಯಿತು. ಹೆಡ್ ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ, ವಾಲ್ವ್‌ಗಳಿರುವ ಭಾಗ. ಅದಕ್ಕೂ ಕೆಳಗಿನ ಬ್ಲಾಕ್‌ಗೂ ನಡುವೆ ಸೋರದಂತೆ ತಡೆಯುವ ಹಾಳೆಯೇ ಗ್ಯಾಸ್ಕೆಟ್. ಮೊದಲ ಸಲ ತಪ್ಪು ರೇಡಿಯೇಟರ್‌ನ ಕೆಳಗಿನ ಹೋಸ್‌ದು. ಅದು ಸೀಳಿ ನೀರೆಲ್ಲ ಸೋರಿಹೋಗಿದ್ದು ನನಗೆ ತಿಳಿಯಲೇ ಇಲ್ಲ. ಎರಡನೇ ಸಲದ ತಪ್ಪು ನನ್ನದೇ. ಬಿಸಿ ತಿಂದ ಹೆಡ್ಡನ್ನು ಫೇಸಿಂಗ್ ಮಾಡಿಸಿ (ಅಡಿಮೈಯನ್ನು ಮಷಿನ್‌ನಲ್ಲಿ ತೆಳುವಾಗಿ ಕೆತ್ತಿ ಮಟ್ಟ ಮಾಡುವುದು), ಹೊಸ ಗ್ಯಾಸ್ಕೆಟ್ ಹಾಕಿ, ಕೆಲಸ ಮುಗೀತು ಅಂದುಕೊಂಡಿದ್ದೆ. ಐದು ತಿಂಗಳಾಗುವಷ್ಟರಲ್ಲಿ ಮತ್ತೆ ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರು, ಕಮ್ಮಿಯಾಗತೊಡಗಿತು.

ಬಿಚ್ಚಿ ನೋಡಿದರೆ ಹೆಡ್ ಮಟ್ಟವಾಗಿಯೇ ಇತ್ತು. ಸ್ಟ್ರೇಟ್ ಎಡ್ಜ್ (ಅಂಚು ಪಕ್ಕಾ ನೇರ ಇರುವ ಪಟ್ಟಿ) ಇಟ್ಟು ನೋಡಿದೆ, 0.05 ಮಿ.ಮೀ. ಫೀಲರ್ (ಸಂದಿ ಅಳೆಯುವ ತೆಳು ತಗಡು) ಎಲ್ಲೂ ತೂರಲಿಲ್ಲ. ಹಾಗಾದರೆ ಗ್ಯಾಸ್ಕೆಟ್ ಹೋಗಿದ್ದು ಯಾಕೆ? ಸುಮ್ನೆ ಕೈಯಾಡಿಸುತ್ತಿದ್ದಾಗ ಉಗುರಿಗೆ ಉತ್ತರ ಸಿಕ್ಕಿತು. 2 ಮತ್ತು 3ನೇ ಸಿಲಿಂಡರ್‌ಗಳ ನಡುವೆ, ಗ್ಯಾಸ್ಕೆಟ್‌ನ ಉಕ್ಕಿನ ಉಂಗುರ ಕೂರುವ ಜಾಗದಲ್ಲಿ, ಉಗುರು ಟಕ್ ಅಂತ ಸಿಕ್ಕಿಬಿತ್ತು. ಉಂಗುರ ಅಲ್ಯೂಮಿನಿಯಂ ಒಳಗೇ ಇಳಿದು ಕಾಲುವೆ ಮಾಡಿಕೊಂಡಿತ್ತು. ಹೆಡ್ ಬಗ್ಗಿರಲಿಲ್ಲ. ಮೆತ್ತಗಾಗಿತ್ತು.

ಫೇಸಿಂಗ್‌ನಿಂದ ಸರಿಹೋಗುವ ರೋಗ ಅದಲ್ಲ. ಅಲ್ಯೂಮಿನಿಯಂ ಹೆಡ್‌ಗಳನ್ನು ಹೆಚ್ಚಾಗಿ ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಅಥವಾ ತಾಮ್ರ ಸೇರಿದ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಎ356 ಅಂಥದ್ದೊಂದು. ಎರಕ ಆದ ಮೇಲೆ ಅದನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿಗೆ ಹಾಕಿ ತಟ್ಟನೆ ತಣಿಸಿ, ಆಮೇಲೆ 150-170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಆಗ ಲೋಹದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಒತ್ತೊತ್ತಾಗಿ ಹುಟ್ಟಿಕೊಳ್ಳುತ್ತವೆ. ಹೆಡ್ಡಿನ ಗಟ್ಟಿತನ ಬಹುಪಾಲು ಈ ಕಣಗಳದ್ದೇ. ನೀರಿಲ್ಲದೆ ಓಡಿದ ಎಂಜಿನ್‌ನಲ್ಲಿ ಲೋಹ 200 ಡಿಗ್ರಿ ದಾಟಿ ಮೇಲೆ ಹೋದಂತೆಲ್ಲ ಆ ಕಣಗಳು ಒಂದಕ್ಕೊಂದು ಸೇರಿ ದಪ್ಪಗಾಗುತ್ತವೆ. ಲೋಹದ ಬಿಗಿ ಹೋಗುತ್ತದೆ. ಮತ್ತೆ ಗಟ್ಟಿ ಮಾಡಬೇಕೆಂದರೆ ಆ ಇಡೀ ಕಾಯಿಸುವ ಕೆಲಸವನ್ನು ಮೊದಲಿನಿಂದ ಮಾಡಬೇಕು. ಅಷ್ಟು ಬಿಸಿಗೆ ವಾಲ್ವ್ ಸೀಟುಗಳು (ವಾಲ್ವ್ ಮುಚ್ಚಿ ಕೂರುವ ಉಂಗುರಗಳು) ಕಳಚುತ್ತವೆ, ಹೆಡ್ ಸೊಟ್ಟಗಾಗುತ್ತದೆ. ಹಳೆ ಹೆಡ್‌ಗೆ ಯಾರೂ ಅದನ್ನು ಮಾಡಿಸಲ್ಲ.

ಹಾಗಾಗಿ ಇನ್ನೊಂದು ಹಳೆ ಹೆಡ್ ಹುಡುಕುವಾಗ ಪರೀಕ್ಷೆಯ ಕ್ರಮವನ್ನೇ ತಿರುಗಾಮುರುಗಾ ಮಾಡಿದೆ. ಮಟ್ಟ ಇದೆಯಾ ಅಂತ ನೋಡುವುದು ಕೊನೆಗೆ. ಮೊದಲು ಗಟ್ಟಿ ಇದೆಯಾ ಅಂತ ನೋಡಬೇಕು. ಬಗ್ಗಿದ್ದನ್ನು ಒಂದು ಮಿತಿಯವರೆಗೆ ಸರಿ ಮಾಡಬಹುದು, ಮೆತ್ತಗಾಗಿದ್ದನ್ನು ಮಾಡಲಾಗದು.

ಚೀಲದಲ್ಲಿ ಇಷ್ಟಿತ್ತು: ಟಾರ್ಚ್, ದಪ್ಪ ಭೂತಗನ್ನಡಿ, 50 ಸೆಂ.ಮೀ. ಉದ್ದದ ಸ್ಟ್ರೇಟ್ ಎಡ್ಜ್, ಫೀಲರ್ ಗೇಜ್, ವರ್ನಿಯರ್, ಪ್ಲಾಸ್ಟಿಕ್ ಸ್ಕ್ರೇಪರ್, ಒಂದು ಬಾಟಲಿ ಸೀಮೆಎಣ್ಣೆ, ಚಿಂದಿ ಬಟ್ಟೆ, ಸ್ಪ್ರಿಂಗ್ ಇರುವ ಆಟೋಮ್ಯಾಟಿಕ್ ಸೆಂಟರ್ ಪಂಚ್. ಜೊತೆಗೆ ಎಂಜಿನ್ ಮ್ಯಾನುಯಲ್‌ನಿಂದ ಬರೆದುಕೊಂಡ ಮೂರು ಅಂಕಿ: ಹೊಸ ಹೆಡ್ಡಿನ ಎತ್ತರ, ಫೇಸಿಂಗ್ ಆದ ಮೇಲೆ ಉಳಿಯಬೇಕಾದ ಕನಿಷ್ಠ ಎತ್ತರ, ಎಷ್ಟು ಬಗ್ಗಿದ್ದರೆ ನಡೆಯುತ್ತದೆ ಅನ್ನುವ ಮಿತಿ. ಇವಿಲ್ಲದೆ ಹೋದರೆ ಎದುರಿಗಿನವರು ಹೇಳಿದ್ದೇ ಲೆಕ್ಕ.

ಸ್ಟೇಷನರಿ ಅಂಗಡಿಯ ಸ್ಟೀಲ್ ಸ್ಕೇಲನ್ನು ದಯವಿಟ್ಟು ಒಯ್ಯಬೇಡಿ. ಅದು ತಾನೇ ಬಾಗುತ್ತದೆ. ಬಾಗಿದ್ದರಿಂದ ಬಾಗಿದ್ದನ್ನು ಅಳೆದು ಏನು ಪ್ರಯೋಜನ?

ಮೊದಲನೇ ಹೆಡ್

ನೋಡೋಕೆ ಬೆಳ್ಳಿ ಪಾತ್ರೆ ಥರ ಇತ್ತು. ಬ್ಲಾಸ್ಟಿಂಗ್ ಮಾಡಿ ಹೊರಗೆಲ್ಲ ತೆಳುವಾಗಿ ಸಿಲ್ವರ್ ಪೇಂಟ್ ಹೊಡೆದಿದ್ದರು. ಅಡಿಮೈ ಹೊಸದಾಗಿ ಫೇಸಿಂಗ್ ಆಗಿ ಫಳಫಳ ಹೊಳೆಯುತ್ತಿತ್ತು. “ಫೇಸಿಂಗ್ ಆಗಿದೆ ಸಾರ್, ತಗೊಂಡೋಗಿ ಹಾಗೇ ಕೂರಿಸಿ” ಅಂದರು ಮಾರುವವರು.

ಇಷ್ಟು ಚೊಕ್ಕಟ ಇದ್ದರೆ ನನಗೆ ಅನುಮಾನ ಜಾಸ್ತಿ. ಯಾವ ಹೆಡ್ಡನ್ನೂ ಸುಮ್ಮನೆ ಯಾರೂ ಫೇಸಿಂಗ್ ಮಾಡಲ್ಲ, ಅಲ್ವಾ? ಮಾಡಿದ್ದಾರೆ ಅಂದರೆ ಏನೋ ಕಾರಣ ಇತ್ತು. ಗ್ಯಾಸ್ಕೆಟ್ ಉಂಗುರ ಮಾಡಿದ ಗೆರೆ, ನೀರಿನ ತೂತುಗಳ ಸುತ್ತ ತಿಂದುಹೋದ ಗುರುತು, ಬಣ್ಣ ಬದಲಾದ ಕಲೆ, ಎಲ್ಲ ಸಾಕ್ಷಿಯೂ ಆ ಫೇಸಿಂಗ್‌ನಲ್ಲೇ ಹೋಗಿರುತ್ತದೆ. ಬ್ಲಾಸ್ಟಿಂಗ್‌ಗೆ ಇನ್ನೊಂದು ಗುಣ ಇದೆ. ಸಣ್ಣ ಗುಂಡುಗಳು ಬಡಿದು ಬಡಿದು ಅಲ್ಯೂಮಿನಿಯಂ ಮೈಯನ್ನು ಸವರಿಬಿಡುತ್ತವೆ, ಸಣ್ಣ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ.

ಆದರೆ ಫೇಸಿಂಗ್ ಮಷಿನ್ ಮುಟ್ಟದ ಜಾಗ ಒಂದಿದೆ. ಹೆಡ್ ಬೋಲ್ಟ್‌ಗಳ ವಾಷರ್ ಕೂರುವ ಮೇಲ್ಭಾಗ. ನಾನು ಮೊದಲು ಟಾರ್ಚ್ ಬಿಟ್ಟಿದ್ದು ಅಲ್ಲಿಗೆ. ಗಟ್ಟಿ ಇರುವ ಹೆಡ್‌ನಲ್ಲಿ ವಾಷರ್ ಗುರುತು ಬರೀ ಒಂದು ಹೊಳೆಯುವ ವೃತ್ತ, ಅಷ್ಟೇ. ಇಲ್ಲಿ ಮಧ್ಯದ ನಾಲ್ಕು ಬೋಲ್ಟ್ ಜಾಗದಲ್ಲಿ ವಾಷರ್ ಕೆಳಗಿಳಿದು, ಸುತ್ತ ಅಂಚು ಎದ್ದು ನಿಂತಿತ್ತು. ಹಸಿ ಮಣ್ಣಿನ ಮೇಲೆ ಬಟ್ಟಲು ಒತ್ತಿ ತೆಗೆದ ಹಾಗೆ. ವರ್ನಿಯರ್‌ನ ಬಾಲದಿಂದ ಆಳ ಅಳೆದೆ, 0.3 ಮಿ.ಮೀ. ತುದಿಯ ಬೋಲ್ಟ್‌ಗಳ ಜಾಗದಲ್ಲಿ ಏನೂ ಇರಲಿಲ್ಲ. ಹೆಡ್ಡಿನ ನಡುಭಾಗವೇ ಜಾಸ್ತಿ ಬಿಸಿಯಾಗುವುದು, ಅಲ್ಲಿಯೇ ಇಳಿದಿದೆ. ಲೆಕ್ಕ ಸರಿಹೋಯಿತು.

ಆಮೇಲೆ ಪಂಚ್. ಅವರನ್ನು ಕೇಳಿಯೇ ಹೊಡೆದೆ, ಕೇಳದೆ ಯಾರ ಸಾಮಾನಿಗೂ ಗುರುತು ಮಾಡಬಾರದು. ಆಟೋಮ್ಯಾಟಿಕ್ ಪಂಚ್‌ನ ಅನುಕೂಲ ಏನೆಂದರೆ ಸುತ್ತಿಗೆ ಬೇಡ. ಒತ್ತಿದರೆ ಸ್ಪ್ರಿಂಗ್ ಪ್ರತಿ ಸಲವೂ ಹೆಚ್ಚುಕಮ್ಮಿ ಒಂದೇ ಜೋರಿನಲ್ಲಿ ಬಡಿಯುತ್ತದೆ. ಬಿದ್ದ ಗುಳಿ ದೊಡ್ಡದಾದರೆ ಲೋಹ ಮೆತ್ತಗೆ. ಒಂದು ಗುರುತು ಹೆಡ್ಡಿನ ತುದಿ ಮೂಲೆಯ ದಪ್ಪ ಭಾಗದಲ್ಲಿ, ಇನ್ನೊಂದು ಮಧ್ಯದಲ್ಲಿ, ಎಕ್ಸಾಸ್ಟ್ ಕಡೆಯ ಗೋಡೆಯ ಮೇಲೆ. ಗ್ಯಾಸ್ಕೆಟ್ ಕೂರುವ ಮೈ ಮೇಲೆ ಯಾವತ್ತೂ ಹೊಡೆಯಬಾರದು. ಪೇಂಟ್ ಇದ್ದರೆ ಕೆರೆದು ತೆಗೆದು ಹೊಡೆಯಬೇಕು, ಇಲ್ಲದಿದ್ದರೆ ಪೇಂಟಿನ ಗುಳಿಯನ್ನು ಅಳೆದಂತಾಗುತ್ತದೆ. ಪ್ರತಿ ಕಡೆ ಮೂರು ಮೂರು ಹೊಡೆದು ಭೂತಗನ್ನಡಿಯಲ್ಲಿ ನೋಡಿದೆ. ಮೂಲೆಯಲ್ಲಿ ಸಾಸಿವೆ ಕಾಳಿನ ಅರ್ಧದಷ್ಟು ಚುಕ್ಕೆ. ಮಧ್ಯದಲ್ಲಿ ಅದಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಅಗಲ, ಸುತ್ತ ಉಬ್ಬಿದ ಅಂಚು ಬೇರೆ.

ಪಂಚ್ ಅಂಕಿ ಕೊಡಲ್ಲ, ಒಂದೇ ಹೆಡ್ಡಿನ ಎರಡು ಜಾಗವನ್ನು ಹೋಲಿಸಿ ತೋರಿಸುತ್ತದೆ ಅಷ್ಟೇ. ಅಂಕಿಯೇ ಬೇಕು ಅಂದರೆ ಮಷಿನ್ ಶಾಪ್‌ಗಳಲ್ಲಿ ಕೈಯಲ್ಲಿ ಹಿಡಿಯುವ ಗಟ್ಟಿತನ ಅಳೆಯುವ ಮೀಟರ್ ಇರುತ್ತದೆ. ಚೆನ್ನಾಗಿರುವ ಅಲ್ಯೂಮಿನಿಯಂ ಹೆಡ್ ಬ್ರಿನೆಲ್ ಅನ್ನುವ ಗಟ್ಟಿತನದ ಅಳತೆಯಲ್ಲಿ ಸಾಮಾನ್ಯವಾಗಿ 75ರಿಂದ 95ರ ಆಸುಪಾಸಿನಲ್ಲಿ ಇರುತ್ತದೆ. ಮಿಶ್ರಲೋಹ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. 60ರ ಹತ್ತಿರಕ್ಕೆ ಇಳಿದಿದ್ದರೆ ನಾನಂತೂ ಮುಟ್ಟಲ್ಲ.

ಎತ್ತರವನ್ನೂ ಅಳೆದೆ. ನಾಲ್ಕು ಮೂಲೆಯಲ್ಲೂ ಕನಿಷ್ಠ ಮಿತಿಗಿಂತ 0.15 ಮಿ.ಮೀ. ಕಮ್ಮಿ. ಅಂದರೆ ಇದಕ್ಕೆ ಫೇಸಿಂಗ್ ಆಗಿದ್ದು ಒಂದು ಸಲ ಅಲ್ಲ. ಇಂಥದ್ದನ್ನು ಹಾಕಿದರೆ ಕಂಪ್ರೆಶನ್ ಏರುತ್ತದೆ, ವಾಲ್ವ್ ಪಿಸ್ಟನ್‌ಗೆ ಹತ್ತಿರವಾಗುತ್ತದೆ, ಟೈಮಿಂಗ್ ಚೈನ್ ಸಡಿಲವಾಗಿ ಕ್ಯಾಮ್ (ತಿರುಗುತ್ತಾ ವಾಲ್ವ್‌ಗಳನ್ನು ತೆರೆಯುವ ದಂಡ) ಟೈಮಿಂಗ್ ಕೂಡ ಸ್ವಲ್ಪ ಹಿಂದೆ ಬೀಳುತ್ತದೆ.

ಕೈ ಮುಗಿದು ಬಂದೆ. ಅವರಿಗೆ ಬೇಜಾರಾಯಿತು. “ಮಟ್ಟ ಇದೆಯಲ್ಲ ಸಾರ್, ಇನ್ನೇನು ಬೇಕು” ಅಂದರು. ಮಟ್ಟ ಇತ್ತು, ಅದು ನಿಜ.

ಎರಡನೇ ಹೆಡ್

ಇದನ್ನು ಕೊಡುತ್ತಿದ್ದವರು ನೇರ ಮನುಷ್ಯ. “ಎಂಜಿನ್ ಒಂದು ಸಲ ಕುದಿ ಬಂದಿದೆ, ಆದರೆ ಮೀಟರ್ ಮುಳ್ಳು ಕೆಂಪಿಗೆ ಹೋಗಿರಲಿಲ್ಲ” ಅಂದರು. ಆ ಮಾತು ಸುಳ್ಳಾಗಿರಬೇಕಿಲ್ಲ. ಮೀಟರ್‌ನ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ನೀರೇ ಖಾಲಿಯಾದರೆ ಅದು ಬರೀ ಹಬೆಯಲ್ಲಿ ನೇತಾಡುತ್ತಿರುತ್ತದೆ, ಮುಳ್ಳು ಕೆಳಗಿಳಿದರೂ ಇಳಿಯಬಹುದು. ನನ್ನ ಹೋಸ್ ಸೀಳಿದ ದಿನ ಆಗಿದ್ದೂ ಅದೇ. ಮುಳ್ಳು ತಣ್ಣಗೆ ಅರ್ಧದಲ್ಲಿತ್ತು, ಎಂಜಿನ್ ಬೇಯುತ್ತಿತ್ತು.

ಈ ಹೆಡ್‌ನಲ್ಲಿ ಕ್ಯಾಮ್, ರಾಕರ್ (ಕ್ಯಾಮ್ ಒತ್ತಿದಾಗ ವಾಲ್ವ್ ತಳ್ಳುವ ತೋಳು), ವಾಲ್ವ್ ಎಲ್ಲ ಹಾಗೇ ಇದ್ದವು. ತೊಳೆದಿರಲಿಲ್ಲ. ನನಗೆ ಬೇಕಾದದ್ದೂ ಅದೇ. ವಾಲ್ವ್ ಕವರ್ ತೆಗೆದು ಒಳಗೆ ನೋಡಿದೆ. ಓಡಿದ ಎಂಜಿನ್‌ನಲ್ಲಿ ಜೇನಿನ ಬಣ್ಣದ ತೆಳು ಪೊರೆ ಇರುವುದು ಮಾಮೂಲು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇಲ್ಲಿ 3ನೇ ಸಿಲಿಂಡರ್ ಮೇಲ್ಭಾಗದಲ್ಲಿ ಎಣ್ಣೆ ಸುಟ್ಟು ಕರಕಲಾಗಿ ಕಿಟ್ಟ ಕಟ್ಟಿತ್ತು. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು, ತಳ ಹಿಡಿದ ಪಾತ್ರೆ ಕೆರೆದ ಹಾಗೆ. ಉಳಿದ ಮೂರು ಸಿಲಿಂಡರ್ ಮೇಲೆ ಬರೀ ಜೇನು ಬಣ್ಣ. ಒಂದೇ ಕಡೆ ಹೀಗಿದ್ದರೆ ಅಲ್ಲೇ ಬಿಸಿ ಜಾಸ್ತಿ ತಗುಲಿದೆ ಅಂತ ಅರ್ಥ.

ಹೆಡ್ಡಿನ ಒಂದು ತುದಿಯಲ್ಲಿ ಬಟನ್ ಗಾತ್ರದ ಒಂದು ಬಿಲ್ಲೆ ಅಂಟಿಸಿತ್ತು. ಇದನ್ನು ಹೀಟ್ ಟ್ಯಾಬ್ ಅನ್ನುತ್ತಾರೆ. ಎಂಜಿನ್ ರೀಕಂಡೀಶನ್ ಮಾಡುವವರು ಗ್ಯಾರಂಟಿ ತಕರಾರು ಬಾರದಿರಲಿ ಅಂತ ಅಂಟಿಸುತ್ತಾರೆ. ನಡುವಿನ ಲೋಹ ಸುಮಾರು 124 ಡಿಗ್ರಿಯಲ್ಲಿ ಕರಗಿ ಬೀಳುವಂಥದ್ದು. ಇಲ್ಲಿ ನಡುಭಾಗ ಖಾಲಿ, ಬರೀ ಬಳೆ ಉಳಿದಿತ್ತು. ತೋರಿಸಿದೆ. ಅವರು ಅದನ್ನು ಇಷ್ಟು ದಿನ ಯಾವುದೋ ಸೀಲ್ ಅಂದುಕೊಂಡಿದ್ದರಂತೆ. ನಡುಭಾಗ ಗಟ್ಟಿಯಾಗಿ ಇದ್ದ ಮಾತ್ರಕ್ಕೆ ಹೆಡ್ ಚೆನ್ನಾಗಿದೆ ಅನ್ನೋಕೂ ಆಗಲ್ಲ. ಅದು ಅಂಟಿಸಿದ ಜಾಗದ ಬಿಸಿಯನ್ನಷ್ಟೇ ಹೇಳುತ್ತದೆ, ಹೊಸದು ತಂದು ಅಂಟಿಸುವವರೂ ಇದ್ದಾರೆ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಅವರಿಗೂ ತಿಳಿಯಬೇಕು ಅನ್ನಿಸಿತು. ನನಗೂ ಬಿರುಕು ನೋಡುವ ಹುಚ್ಚು. ವಾಲ್ವ್ ಬಿಚ್ಚಿ, ಕಂಬಶ್ಚನ್ ಚೇಂಬರ್‌ಗಳ (ಪೆಟ್ರೋಲ್ ಉರಿಯುವ ಗುಳಿಗಳ) ಮಸಿಯನ್ನು ಮೆಲ್ಲಗೆ ತೆಗೆದೆವು. 3ನೇ ಚೇಂಬರ್‌ನಲ್ಲಿ ತೆಗೆಯೋಕೆ ಮಸಿಯೇ ಇರಲಿಲ್ಲ. ಉಳಿದ ಮೂರೂ ಕರ್ರಗೆ, ಅದೊಂದು ಮಾತ್ರ ತೊಳೆದಿಟ್ಟ ಹಾಗೆ ಬಿಳಿ. ಅಲ್ಲಿಗೆ ಕೂಲಂಟ್ ಒಳಗೆ ಬರುತ್ತಿತ್ತು, ಹಬೆ ದಿನಾ ತೊಳೆದಿತ್ತು.

ಡೈ ಪೆನೆಟ್ರಂಟ್ ಅಂತ ಸ್ಪ್ರೇ ಡಬ್ಬಗಳು ಬರುತ್ತವೆ, ಕೆಂಪು ಒಂದು, ಬಿಳಿ ಒಂದು, ತೊಳೆಯುವ ದ್ರವ ಒಂದು. ಎಣ್ಣೆ ಪಸೆ ಪೂರ್ತಿ ಹೋಗುವಂತೆ ತೊಳೆದು ಒಣಗಿಸಿ, ಕೆಂಪು ಹೊಡೆದು ಹದಿನೈದು ನಿಮಿಷ ಬಿಟ್ಟೆವು. ಒರೆಸುವಾಗ ತೊಳೆಯುವ ದ್ರವವನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ನೇರವಾಗಿ ಹೆಡ್ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ, ನಾನು ಒಂದು ಸಲ ಆ ಪೆದ್ದ ಕೆಲಸ ಮಾಡಿದ್ದೇನೆ. ಆಮೇಲೆ ಬಿಳಿ. ಮೊದಲು ಏನೂ ಇಲ್ಲ. ಎರಡು ಮೂರು ನಿಮಿಷಕ್ಕೆ 3ನೇ ಚೇಂಬರ್‌ನಲ್ಲಿ ಎಕ್ಸಾಸ್ಟ್ ಸೀಟಿನಿಂದ ಸ್ಪಾರ್ಕ್ ಪ್ಲಗ್ ತೂತಿನವರೆಗೆ ಕೂದಲಿನಷ್ಟು ಸಣ್ಣ ಕೆಂಪು ಗೆರೆ ತಾನಾಗಿ ಮೂಡಿತು. ಹಾಗೇ ನೋಡುತ್ತಿದ್ದಂತೆ ದಪ್ಪಗಾಯಿತು. ಪ್ಲಗ್ ತೂತಿನ ಒಳಗೆ ಟಾರ್ಚ್ ಬಿಟ್ಟರೆ ಗೆರೆ ಥ್ರೆಡ್ ಉದ್ದಕ್ಕೂ ಇಳಿದಿತ್ತು.

ಬಿರುಕು ಕಂಡ ಕೂಡಲೇ ಹೆಡ್ ಎಸೆಯಬೇಕು ಅಂತಿಲ್ಲ. ಕೆಲವು ಎಂಜಿನ್‌ಗಳ ಮ್ಯಾನುಯಲ್‌ನಲ್ಲೇ, ಎರಡು ಸೀಟುಗಳ ನಡುವಿನ ಅಥವಾ ಸೀಟಿಗೂ ಪ್ಲಗ್ ತೂತಿಗೂ ನಡುವಿನ ಬಿರುಕು 0.3 ಅಥವಾ 0.5 ಮಿ.ಮೀ. ಒಳಗಿದ್ದು, ಪ್ಲಗ್‌ನ ಮೊದಲ ನಾಲ್ಕು ಥ್ರೆಡ್ ದಾಟಿರದಿದ್ದರೆ ಬಳಸಬಹುದು ಅಂತ ಬರೆದಿರುತ್ತದೆ. ಆದರೆ ಅದು ಆಯಾ ಎಂಜಿನ್‌ಗೆ ಮಾತ್ರ. ನನ್ನ ಎಂಜಿನ್ ಮ್ಯಾನುಯಲ್‌ನಲ್ಲಿ ಅಂಥ ಮಾಫಿ ಇಲ್ಲ, ಇಲ್ಲಿನ ಬಿರುಕು ನೀರಿನ ದಾರಿಗೂ ಮುಟ್ಟಿತ್ತು.

ವಾಲ್ವ್ ಸೀಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸೀಟು ಕಬ್ಬಿಣದ ಜಾತಿಯದು, ಅಲ್ಯೂಮಿನಿಯಂಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ವಿಪರೀತ ಬಿಸಿಯಲ್ಲಿ ಸುತ್ತಲಿನ ಅಲ್ಯೂಮಿನಿಯಂ ಸೋತು ಜಾಗ ಬಿಟ್ಟುಕೊಟ್ಟರೆ, ತಣ್ಣಗಾದ ಮೇಲೆ ಹಿಡಿತ ಮೊದಲಿನಷ್ಟು ಇರಲ್ಲ. ಸೀಟಿನ ಸುತ್ತ ತೆಳು ಎಣ್ಣೆ ಸವರಿ ಹಿತ್ತಾಳೆ ಸರಳಿನಿಂದ ಮೆಲ್ಲಗೆ ತಟ್ಟಿ. ಸಡಿಲ ಇದ್ದರೆ ಸಂದಿಯ ಎಣ್ಣೆ ಅಲುಗುತ್ತದೆ. ಓಡುವಾಗ ಸೀಟು ಕಳಚಿದರೆ ವಾಲ್ವ್, ಪಿಸ್ಟನ್ ಎರಡೂ ಹೋದ ಹಾಗೆ.

ಮೂರನೇ ಹೆಡ್

ಮೂಲೆಯಲ್ಲಿ ಬಿದ್ದಿತ್ತು. ಮೈಯೆಲ್ಲ ಜಿಡ್ಡು, ಹಳೆ ಗ್ಯಾಸ್ಕೆಟ್ ಚೂರು ಇನ್ನೂ ಅಂಟಿಕೊಂಡಿತ್ತು. ಪಿಸ್ಟನ್ ರಿಂಗ್ ಸವೆದು ಎಣ್ಣೆ ಕುಡಿಯುತ್ತಿದ್ದ ಎಂಜಿನ್‌ದಂತೆ. ನಾಲ್ಕೂ ಚೇಂಬರ್ ಒಂದೇ ಸಮ ಕಪ್ಪು. ಅದು ನೋಡಿ ಖುಷಿಯಾಯಿತು, ಎಣ್ಣೆ ಕುಡಿದ ಎಂಜಿನ್ ಅಂದರೆ ಬಿಸಿಯಿಂದ ಸತ್ತಿದ್ದಲ್ಲ ಅನ್ನುವ ಒಂದು ಭರವಸೆ.

ಬೋಲ್ಟ್ ಜಾಗಗಳು ಸಪಾಟು. ಪಂಚ್ ಗುಳಿ ಮೂಲೆಯಲ್ಲೂ ಮಧ್ಯದಲ್ಲೂ ಒಂದೇ ಅಳತೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಗ್ಯಾಸ್ಕೆಟ್ ತೆಗೆದು ಉಗುರು ಎಳೆದೆ, ಉಂಗುರದ ನೆರಳಷ್ಟೇ ಇತ್ತು, ಗೆರೆ ಇರಲಿಲ್ಲ. ಎತ್ತರ ಹೊಸ ಹೆಡ್ಡಿನ ಎತ್ತರವೇ, ಯಾರೂ ಫೇಸಿಂಗ್ ಮಾಡಿಲ್ಲ.

ಈಗ ಸ್ಟ್ರೇಟ್ ಎಡ್ಜ್. ಉದ್ದಕ್ಕೆ ಎರಡು ಅಂಚು, ಅಡ್ಡಕ್ಕೆ ಎರಡು ತುದಿ, ಮೂಲೆಯಿಂದ ಮೂಲೆಗೆ ಎರಡು, ಒಟ್ಟು ಆರು ಕಡೆ. ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಮೊದಲು ಸುಳಿವು ಕೊಡುತ್ತದೆ, ಆಮೇಲೆ ಫೀಲರ್. ಮೂಲೆಯಿಂದ ಮೂಲೆಗೆ ಇಟ್ಟಾಗ ಮಧ್ಯದಲ್ಲಿ 0.07 ಹೋಯಿತು, 0.08 ಬಿಗಿಯಾಗಿ ಹೋಯಿತು, 0.10 ಹೋಗಲಿಲ್ಲ. ನನ್ನ ಎಂಜಿನ್‌ಗೆ ಮಿತಿ 0.05. ಅಂದರೆ ಮ್ಯಾನುಯಲ್ ಪ್ರಕಾರ ಇದು ಫೇಲ್.

ಮಟ್ಟದ ಪರೀಕ್ಷೆಯಲ್ಲಿ ಮೊದಲನೇ ಹೆಡ್ ಪಾಸ್, ಇದು ಫೇಲ್! ಆದರೂ ನನಗೆ ಬೇಕಾಗಿದ್ದು ಇದೇ.

ತಗೊಳ್ಳುವ ಮುಂಚೆ ಕ್ಯಾಮ್ ಸಾಲು ನೋಡಲೇಬೇಕಿತ್ತು. ಕಾರಣ ಹೇಳುತ್ತೇನೆ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಎರಕದ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು. 40 ಸೆಂ.ಮೀ. ಹೆಡ್ 100 ಡಿಗ್ರಿ ಏರಿದರೆ ಸುಮಾರು 0.9 ಮಿ.ಮೀ. ಉದ್ದವಾಗುತ್ತದೆ, ಕೆಳಗಿನ ಕಬ್ಬಿಣದ ಬ್ಲಾಕ್ ಅದರ ಅರ್ಧದಷ್ಟು. ಬೋಲ್ಟ್‌ಗಳು ಬಿಗಿ ಹಿಡಿದಿರುವಾಗ ನಡುಭಾಗಕ್ಕೆ ಹೋಗೋಕೆ ಜಾಗವೇ ಇಲ್ಲ, ಬೆನ್ನು ಎತ್ತುತ್ತದೆ. ಆಗ ಅಡಿಮೈ ಮಾತ್ರ ಬಾಗುವುದಲ್ಲ, ಮೇಲೆ ಕ್ಯಾಮ್ ಕೂರುವ ಸಾಲೂ ಅದೇ ಬಿಲ್ಲಿನ ಆಕಾರಕ್ಕೆ ಬರುತ್ತದೆ. ಫೇಸಿಂಗ್ ಮಾಡಿದರೆ ಅಡಿ ನೇರವಾಗುತ್ತದೆ, ಮೇಲಿನ ಬಿಲ್ಲು ಹಾಗೇ ಉಳಿಯುತ್ತದೆ. ಕ್ಯಾಮ್ ಒತ್ತಿಕೊಂಡು ತಿರುಗಿ ಬೇರಿಂಗ್ ಜಾಗ ಸವೆಯುತ್ತದೆ, ಕೆಲವೊಮ್ಮೆ ಕ್ಯಾಮ್ ಮುರಿಯುವುದೂ ಉಂಟು.

ರಾಕರ್ ಎಲ್ಲ ಬಿಚ್ಚಿ, ಕ್ಯಾಮ್ ಜಾಗಗಳನ್ನು ಒರೆಸಿ ಎಣ್ಣೆ ಹಾಕಿ, ಕ್ಯಾಪ್‌ಗಳನ್ನು ನಂಬರ್ ಪ್ರಕಾರ ಕೂರಿಸಿ ಟಾರ್ಕ್ ಕೊಟ್ಟೆ. ಕ್ಯಾಮ್ ಎರಡು ಬೆರಳಿನಲ್ಲಿ ತಿರುಗಿತು. ಎಲ್ಲೂ ಬಿಗಿಯಿಲ್ಲ, ಒಂದೇ ಸಮ. ಇಲ್ಲಿ ಬಿಗಿಯಾಗಿದ್ದರೆ ವಾಪಸ್ ಬಂದುಬಿಡುತ್ತಿದ್ದೆ. ಬಗ್ಗಿದ ಹೆಡ್ಡನ್ನು ದಪ್ಪ ಸ್ಟೀಲ್ ಪ್ಲೇಟಿಗೆ ಶಿಮ್ (ತೆಳು ತಗಡಿನ ಚೂರು) ಕೊಟ್ಟು ಬಿಗಿದು, ಓವನ್‌ನಲ್ಲಿ 200 ಡಿಗ್ರಿ ದಾಟಿಸಿ ಗಂಟೆಗಟ್ಟಲೆ ಇಟ್ಟು ನೆಟ್ಟಗೆ ಮಾಡುವ ವಿಧಾನ ಇದೆ. ಬಲ್ಲವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಅದೂ ಬಿಸಿಯೇ ತಾನೇ? ಮಾಡಿಸಿದ ಮೇಲೆ ಗಟ್ಟಿತನ ಇನ್ನೊಮ್ಮೆ ಅಳೆಸಬೇಕು.

ಪ್ರೆಶರ್ ಟೆಸ್ಟ್‌ನಲ್ಲಿ ಪಾಸಾದರೆ ಮಾತ್ರ ತಗೊಳ್ಳುತ್ತೇನೆ ಅಂತ ಮಾತಾಡಿಕೊಂಡು ಮಷಿನ್ ಶಾಪ್‌ಗೆ ಒಯ್ದೆ. ನೀರಿನ ತೂತುಗಳನ್ನೆಲ್ಲ ರಬ್ಬರ್ ಮತ್ತು ಪ್ಲೇಟ್‌ನಿಂದ ಮುಚ್ಚಿ, ಒಳಗೆ ಸುಮಾರು 3 ಬಾರ್ ಗಾಳಿ ಕೊಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ತಣ್ಣೀರಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಬಿರುಕು ಬಿಸಿಯಲ್ಲಿ ತೆರೆದುಕೊಳ್ಳಬಹುದು, ಅದಕ್ಕೇ ಬಿಸಿನೀರು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಹಿಂಬದಿಯಿಂದ ಪುಟ್ಟ ಗುಳ್ಳೆಗಳು ಸಾಲಾಗಿ ಎದ್ದವು. ಎದೆ ಧಸಕ್ ಅಂದಿತು. ನೋಡಿದರೆ ಹೆಡ್ ಅಲ್ಲ, ತುದಿಯ ತುಕ್ಕು ಹಿಡಿದ ಕೋರ್ ಪ್ಲಗ್, ನೀರಿನ ದಾರಿಯ ತೂತು ಮುಚ್ಚುವ ತಗಡಿನ ಬಿಲ್ಲೆ. ಅದನ್ನು ಕಿತ್ತು ಹೊಸದು ಬಡಿದು ಮತ್ತೆ ಮುಳುಗಿಸಿದರು. ಹತ್ತು ನಿಮಿಷ, ಒಂದು ಗುಳ್ಳೆಯೂ ಇಲ್ಲ.

0.12 ಮಿ.ಮೀ. ತೆಗೆದು ಫೇಸಿಂಗ್ ಆಯಿತು, ಕನಿಷ್ಠ ಎತ್ತರಕ್ಕೆ ಇನ್ನೂ ಸಾಕಷ್ಟು ಜಾಗ ಉಳಿಯಿತು. ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕುವುದಿತ್ತು, ಹಾಗಾಗಿ ಮೈ ತುಂಬ ನಯವಾಗಿ ಇರಲಿ ಅಂತ ಮೊದಲೇ ಹೇಳಿದ್ದೆ. ಬ್ಲಾಕ್ ಮೇಲೂ ಅದೇ ಸ್ಟ್ರೇಟ್ ಎಡ್ಜ್ ಇಟ್ಟು ನೋಡಿದೆ, ಮಿತಿಯೊಳಗಿತ್ತು. ಹೋಸ್‌ಗಳು, ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಎಲ್ಲ ಹೊಸದು.

ನಿಮ್ಮದು ಎರಕದ ಕಬ್ಬಿಣದ ಹೆಡ್ ಆಗಿದ್ದರೆ ಈ ಮೆತ್ತಗಾಗುವ ತಲೆನೋವು ಇಲ್ಲ. ಅಲ್ಲಿ ಬಿರುಕಿನದ್ದೇ ಭಯ. ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ, ಮಡಕೆ ತಟ್ಟಿ ನೋಡಿದ ಹಾಗೆ, ಒಳ್ಳೆಯದು ಠಣ್ ಅನ್ನುತ್ತದೆ, ದೊಡ್ಡ ಬಿರುಕಿದ್ದರೆ ಬೊದ್ದು ಸದ್ದು. ಸಣ್ಣ ಬಿರುಕಿಗೆ ಆಯಸ್ಕಾಂತ ಮತ್ತು ಕಬ್ಬಿಣದ ಪುಡಿ ಹಾಕಿ ನೋಡುವ ಪರೀಕ್ಷೆ ಇದೆ. ಅಲ್ಯೂಮಿನಿಯಂಗೆ ಆಯಸ್ಕಾಂತ ಹಿಡಿಯದ ಕಾರಣ ಅದು ಇಲ್ಲಿ ನಡೆಯಲ್ಲ.

ಎಂಜಿನ್ ಈಗ ಎಂಟು ತಿಂಗಳಿಂದ ಓಡುತ್ತಿದೆ. ಕೂಲಂಟ್ ಬಾಟಲಿಗೆ ಹಾಕಿದ ಮಾರ್ಕರ್ ಗೆರೆಯಿಂದ ನೀರು ಕೆಳಗಿಳಿದಿಲ್ಲ. ಮೆತ್ತಗಾದ ಹಳೆ ಹೆಡ್ ಇನ್ನೂ ಮೇಜಿನ ಕೆಳಗಿದೆ. ಯಾರಾದರೂ ಹಳೆ ಹೆಡ್ ತಗೊಂಡು ಬಂದರೆ ಮೊದಲು ಅದರ ಮೇಲೊಂದು ಪಂಚ್ ಹೊಡೆಸುತ್ತೇನೆ, ಆಮೇಲೆ ಅವರದರ ಮೇಲೆ.